ಮತಕ್ಕಾಗಿ ಮಾಡಿಸಿಕೊಂಡ ಆಣೆಗೆ ಕಟ್ಟುಬೀಳಬೇಕೇ?

ಪ್ರಶ್ನೆ: ಮಂಡ್ಯ ಕಡೆಯವನು

2023ರ ವಿಧಾನಸಭಾ ಚುನಾವಣೆಯ ಹಿಂದಿನ ರಾತ್ರಿ ಊರಿನ ಇಬ್ಬರು ಪರಿಚಿತರೇ ನಮ್ಮ ಮನೆಗೆ ಬಂದು, ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆಯ ಜೊತೆಗೆ ಹಣದ ಲಕೋಟೆಯನ್ನೂ ಇಟ್ಟು, ಅಮ್ಮನ ಕೈಯನ್ನು ಮನೆದೇವರ ಪಟದ ಮೇಲೆ ಇರಿಸಿ, ತಮ್ಮ ಅಭ್ಯರ್ಥಿಗೇ ಮತ ಹಾಕುವುದಾಗಿ ಆಣೆ ಮಾಡಿಸಿಕೊಂಡು ಹೋದರು. ಕೆರೆಯ ಹೂಳೆತ್ತಿಸುತ್ತೇನೆಂದು ಮಾತು ಕೊಟ್ಟವರು ಐದು ವರ್ಷ ಈ ಕಡೆ ತಲೆ ಹಾಕಲಿಲ್ಲವೆಂದು ಆ ಅಭ್ಯರ್ಥಿಯನ್ನು ಬೈಯುತ್ತಿದ್ದವರು ಅಮ್ಮನೇ. ಆದರೂ, ಉಪ್ಪು ತಿಂದ ಮೇಲೆ ದೇವರ ಮುಂದೆ ಆಡಿದ ಮಾತಿಗೆ ತಪ್ಪಬಾರದೆಂದು ಹೇಳಿ, ಮರುದಿನ ಅವರಿಗೇ ಮತ ಹಾಕಿ ಬಂದರು.

ಪಂಚಾಯಿತಿ ಚುನಾವಣೆಯ ಮಾತು ಊರಿನಲ್ಲಿ ಮತ್ತೆ ಶುರುವಾಗಿದೆ. ಹಣ ತೆಗೆದುಕೊಂಡದ್ದು ತಪ್ಪೆಂದು ಒಪ್ಪುವ ಅಮ್ಮನಿಗೆ ಆಣೆಯನ್ನು ಮುರಿಯುವುದು ಅದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಅವರ ನಂಬಿಕೆಯನ್ನು ಹೀಗಳೆಯದೆ ಈ ವಿಷಯವನ್ನು ಹೇಗೆ ಮಾತನಾಡಬೇಕು? ಇನ್ನೊಂದು ಪ್ರಶ್ನೆಯೂ ಇದೆ. ಊರಿಗೆ ಹೋದಾಗ ನೆಂಟರೂ ಗೆಳೆಯರೂ ನಾನು ಯಾರಿಗೆ ಮತ ಹಾಕಿದೆನೆಂದು ನೇರವಾಗಿ ಕೇಳುತ್ತಾರೆ. ಹೇಳದಿದ್ದರೆ ನಮ್ಮ ಮೇಲೆ ನಂಬಿಕೆಯಿಲ್ಲವೇ ಎನ್ನುತ್ತಾರೆ, ಹೇಳಿದರೆ ಮಾತು ಅಲ್ಲಿಗೇ ಕೆಡುತ್ತದೆ. ಅವರಿಗೆ ಹಿತವಾಗುವ ಸುಳ್ಳೊಂದನ್ನು ಹೇಳಿಬಿಡುವುದು ಸರಿಯೇ?

ಉತ್ತರ: ನಿವೃತ್ತ ಶಿಕ್ಷಕ, ಶಿವಮೊಗ್ಗ

ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದವನಾದ್ದರಿಂದ ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ. ಬೆರಳಿಗೆ ಶಾಯಿ ಹಾಕಿಸಿಕೊಂಡು ಯಂತ್ರದ ಮುಂದೆ ನಿಂತ ಅಜ್ಜಿಯೊಬ್ಬರು, ತಾವು ಆಣೆ ಇಟ್ಟವರ ಗುರುತು ಯಾವುದೆಂದು ನನ್ನನ್ನೇ ಗಟ್ಟಿಯಾಗಿ ಕೇಳಿದರು. ನಾನು ಹೇಳುವಂತಿರಲಿಲ್ಲ. ಒಳಗೆ ನಿಮ್ಮನ್ನು ನೋಡುವವರು ಯಾರೂ ಇಲ್ಲ, ನಿಮ್ಮ ಮನಸ್ಸಿಗೆ ಬಂದ ಗುಂಡಿಯನ್ನು ಒತ್ತಿ ಎಂದಷ್ಟೇ ಹೇಳಿದೆ. ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಅದನ್ನು ಮತದಾರರು ಮನೆಗೆ ಒಯ್ಯುವಂತಿಲ್ಲ, ಮತ್ತೊಬ್ಬರಿಗೆ ತೋರಿಸುವಂತಿಲ್ಲ. ಕಣ್ಣು ಕಾಣದವರ ಜೊತೆಗೆ ಬರುವ ಸಹಾಯಕರೂ ಮತವನ್ನು ಗುಟ್ಟಾಗಿಡುವುದಾಗಿ ಬರೆದುಕೊಡಬೇಕು.

ನಿಮ್ಮ ತಾಯಿಯವರಿಗೆ ತಿಳಿಸಬೇಕಾದದ್ದು ಇದನ್ನೇ ಎಂದು ನನಗೆ ತೋರುತ್ತದೆ. ಹಣ ಹಂಚುವವರಿಗೆ ತಾವು ಕೊಟ್ಟ ಹಣಕ್ಕೆ ಮತ ಬಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ. ಆ ಗುಟ್ಟನ್ನು ಭೇದಿಸಲಾಗದ ಕಾರಣಕ್ಕಾಗಿಯೇ ಅವರು ದೇವರನ್ನು ತಮ್ಮ ಏಜೆಂಟನನ್ನಾಗಿ ಮತಗಟ್ಟೆಯೊಳಗೆ ಕೂರಿಸುತ್ತಾರೆ. ಭಕ್ತಿಯನ್ನು ಹೀಗೆ ಬಳಸಿಕೊಂಡವರ ತಪ್ಪನ್ನು ಭಕ್ತರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಮ್ಮನ ದೈವಭಕ್ತಿಯನ್ನು ಪ್ರಶ್ನಿಸಬೇಡಿ. ಆ ಭಕ್ತಿಯನ್ನು ಅವರಿಬ್ಬರು ಯಾವುದಕ್ಕೆ ಬಳಸಿದರೆಂದು ಕೇಳಿ.

ನಮ್ಮ ಸಾಗರ–ಹೊಸನಗರ ಸೀಮೆಯಲ್ಲಿ 1952ರಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಜನರಿಂದಲೇ ಚಿಲ್ಲರೆ ಕಾಸು ಸಂಗ್ರಹಿಸಿ ಗೆದ್ದರು. ಹಣ ಮತದಾರರಿಂದ ಅಭ್ಯರ್ಥಿಯ ಕಡೆಗೆ ಹೋದ ಕಾಲವೂ ಇತ್ತೆಂಬುದನ್ನು ನಮ್ಮ ಮಕ್ಕಳಿಗೆ ಹೇಳುತ್ತಲೇ ಇರಬೇಕು.

ಉತ್ತರ: ವಕೀಲೆ, ಧಾರವಾಡ

ಮೇಷ್ಟ್ರ ಮಾತಿಗೆ ಕಾನೂನಿನ ಆಧಾರವೂ ಇದೆ. ಮತಕ್ಕಾಗಿ ಹಣ ಕೊಡುವುದು ಹೇಗೋ ಹಾಗೆಯೇ ತೆಗೆದುಕೊಳ್ಳುವುದೂ ಲಂಚದ ಅಪರಾಧ. 2023ರಲ್ಲಿ ಅದು ಭಾರತೀಯ ದಂಡ ಸಂಹಿತೆಯ 171ಬಿ ಕಲಮಿನಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿದೆ. ಇದಕ್ಕಿಂತ ಮುಖ್ಯವಾದದ್ದು ನಂತರದ 171ನೇ ಕಲಮು. ಇಂಥವರಿಗೆ ಮತ ಹಾಕದಿದ್ದರೆ ದೇವರ ಮುನಿಸಿಗೆ ಗುರಿಯಾಗುತ್ತೀರೆಂದು ಮತದಾರರನ್ನು ನಂಬಿಸುವುದನ್ನು ಅದು ಅನುಚಿತ ಪ್ರಭಾವವೆಂದೇ ಕರೆಯುತ್ತದೆ, ಮತ್ತು ಅದಕ್ಕೆ ಒಂದು ವರ್ಷದವರೆಗೆ ಜೈಲು ವಾಸವಾಗಬಹುದು. ಪಟದ ಮೇಲೆ ಕೈ ಇಡಿಸಿದ್ದು ಈ ಕಲಮಿನ ತೀರಾ ಹತ್ತಿರಕ್ಕೆ ಬರುತ್ತದೆ. ಕಾನೂನುಬಾಹಿರ ಉದ್ದೇಶಕ್ಕಾಗಿ ಪಡೆದ ಮಾತು ನ್ಯಾಯಾಲಯದಲ್ಲಿ ಕರಾರೆನಿಸಿಕೊಳ್ಳುವುದಿಲ್ಲ. ಮನಸ್ಸಾಕ್ಷಿಯ ಮುಂದೆಯೂ ಅದಕ್ಕೆ ಬೆಲೆಯಿಲ್ಲವೆಂದೇ ನಾನು ತಿಳಿದಿದ್ದೇನೆ. ಆದರೆ ಈ ಕಲಮುಗಳನ್ನು ಓದಿ ಹೇಳಿ ನಿಮ್ಮ ತಾಯಿಯವರನ್ನು ಹೆದರಿಸಬೇಡಿ. ಒಂದು ಹೆದರಿಕೆಯ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟರೆ ಅದು ಮಾತುಕತೆಯಾಗುವುದಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಸುಳ್ಳು ಹೇಳಬೇಡಿ. ಯಾರಿಗೆ ಮತ ಹಾಕಿದಿರೆಂದು ಹೇಳುವಂತೆ ಸಾಕ್ಷಿಯನ್ನಾಗಲಿ ಬೇರೆಯವರನ್ನಾಗಲಿ ಒತ್ತಾಯಿಸುವಂತಿಲ್ಲವೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮೇ ಹೇಳುವಾಗ, ನೆಂಟರ ಮುಂದೆ ಸುಮ್ಮನಿರುವುದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ಹೆಸರು ಹೇಳುವುದಿಲ್ಲ, ಆದರೆ ಯಾವ ಯಾವ ವಿಷಯವನ್ನು ತೂಗಿ ನೋಡಿದೆನೆಂದು ಹೇಳುತ್ತೇನೆ ಎನ್ನಿ. ಶಾಲೆ, ನೀರು, ಬೆಳೆಯ ಬೆಲೆ, ಅಭ್ಯರ್ಥಿಯ ನಡತೆ, ಇವುಗಳ ಬಗ್ಗೆ ಮಾತು ಶುರುವಾದರೆ ಎದುರಿನವರೂ ತಮ್ಮ ಕಾರಣಗಳನ್ನು ಹೇಳಲೇಬೇಕಾಗುತ್ತದೆ.

ಉತ್ತರ: ರಾಯಚೂರಿನ ಓದುಗ

ವಕೀಲರ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಗೆಳೆಯರು ಕೇಳುವುದು ಬೇರೆ, ಕೂಲಿ ಕೊಡುವ ಧಣಿ ಕೇಳುವುದು ಬೇರೆ. ನಾಳೆ ಅದೇ ಹೊಲಕ್ಕೆ ಕೆಲಸಕ್ಕೆ ಹೋಗಬೇಕಾದ ಹೆಣ್ಣುಮಗಳು ಧಣಿಯ ಮುಂದೆ, ಹೇಳುವುದಿಲ್ಲವೆಂದು ನಿಂತರೆ ಆ ಮೌನವನ್ನೇ ಉತ್ತರವೆಂದು ತಿಳಿಯುತ್ತಾರೆ. ನಿಮಗೇ ಹಾಕಿದ್ದೇನೆಂದು ಆಕೆ ಹೇಳಿದರೆ ಅದು ಮೋಸವಲ್ಲ, ಕೇಳಬಾರದ್ದನ್ನು ಕೇಳಿದವನಿಂದ ತನ್ನ ಮತವನ್ನೂ ಅನ್ನವನ್ನೂ ಕಾಪಾಡಿಕೊಂಡದ್ದು. ಆಕೆಗೆ ಪ್ರಾಮಾಣಿಕತೆಯ ಪಾಠ ಹೇಳುವ ಮೊದಲು ಆ ಪ್ರಶ್ನೆ ಕೇಳುವವರನ್ನು ತಡೆಯಬೇಕು.

ಮತ ಗುಟ್ಟಾಗಿರುತ್ತದೆಂಬ ಮೇಷ್ಟ್ರ ಮಾತು ಒಬ್ಬೊಬ್ಬರ ಮಟ್ಟಿಗೆ ನಿಜ, ಕೇರಿಯ ಮಟ್ಟಿಗೆ ಅಲ್ಲ. ಎಣಿಕೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ನಮೂನೆ 20 ಎಂಬ ಫಲಿತಾಂಶ ಪಟ್ಟಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಒಂದು ಮತಗಟ್ಟೆಗೆ ಒಂದೆರಡು ಕೇರಿಗಳಷ್ಟೇ ಬಂದರೆ, ಗೆದ್ದವರಿಗೆ ಯಾವ ಕೇರಿ ಕೈ ಕೊಟ್ಟಿತೆಂದು ತಿಳಿಯುವುದು ಕಷ್ಟವಲ್ಲ. ನೀರಿನ ಟ್ಯಾಂಕರು ಮೊದಲು ಎಲ್ಲಿಗೆ ಬರುತ್ತದೆಂಬುದು ಆ ಲೆಕ್ಕದ ಮೇಲೆಯೇ ತೀರ್ಮಾನವಾಗುವುದನ್ನು ನಮ್ಮ ಕಡೆ ಕಂಡಿದ್ದೇವೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು, ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಆದರೂ ಅದು ಜಾರಿಗೆ ಬಂದಿಲ್ಲ. ಆಣೆಯ ಬಗ್ಗೆ ಚರ್ಚಿಸುವಷ್ಟೇ ಕಾಳಜಿಯಿಂದ ಇದನ್ನೂ ನಾವು ಚರ್ಚಿಸಬೇಕು.

ಮರುಪ್ರಶ್ನೆ: ಮಂಡ್ಯ ಕಡೆಯವನು

ಧನ್ಯವಾದಗಳು. ಧಣಿಯ ಮುಂದಿನ ಸುಳ್ಳಿಗೂ ಗೆಳೆಯರ ಮುಂದಿನ ಸುಳ್ಳಿಗೂ ಇರುವ ವ್ಯತ್ಯಾಸ ನನಗೆ ಸರಿಯೆನಿಸಿತು. ನನ್ನನ್ನು ಕೇಳುವವರು ಗೆಳೆಯರೇ ಆದ್ದರಿಂದ ವಕೀಲರು ಹೇಳಿದಂತೆ ಕಾರಣಗಳನ್ನು ಮಾತ್ರ ಹೇಳುತ್ತೇನೆ. ಆದರೆ ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಗಳಿಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ತಟ್ಟೆ ಹಿಡಿದು ಬರುವವರು ಪಕ್ಕದ ಮನೆಯವರೇ ಆಗಿರುತ್ತಾರೆ. ಅವರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವುದು ಅಮ್ಮನೊಬ್ಬರಿಂದ ಆಗುವ ಕೆಲಸವೇ?

ಉತ್ತರ: ವಕೀಲೆ, ಧಾರವಾಡ

ಒಬ್ಬರಿಂದ ಕಷ್ಟ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಾದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಮೂಲಕ ಹೆಸರು ತಿಳಿಸದೆಯೂ ದೂರು ಕೊಡಬಹುದು. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ಅಲ್ಲಿನ ಚುನಾವಣಾಧಿಕಾರಿಗೋ ತಹಶೀಲ್ದಾರರಿಗೋ ತಿಳಿಸಬೇಕು. ಆದರೆ ನೆರೆಮನೆಯವರ ಮೇಲೆ ದೂರು ಕೊಡುವುದಕ್ಕಿಂತ ಮೊದಲು, ನಿಮ್ಮ ತಾಯಿಯವರ ಸ್ವಸಹಾಯ ಸಂಘದ ಹೆಂಗಸರೊಂದಿಗೆ ಒಮ್ಮೆ ಕೂತು ಮಾತನಾಡಿ. ಚುನಾವಣೆ ಘೋಷಣೆಯಾಗುವುದಕ್ಕಿಂತ ಮುಂಚೆ, ಅಭ್ಯರ್ಥಿಗಳು ಯಾರೆಂದು ಇನ್ನೂ ತಿಳಿಯದಿರುವಾಗಲೇ, ದೇವರ ಪಟವನ್ನು ಯಾರ ಮತಕ್ಕೂ ಹೊರಗೆ ತರುವುದಿಲ್ಲವೆಂದು ಅವರೆಲ್ಲ ಒಟ್ಟಾಗಿ ತೀರ್ಮಾನಿಸಿದರೆ, ಅದು ಯಾರೊಬ್ಬರ ವಿರುದ್ಧದ ಮಾತೂ ಆಗುವುದಿಲ್ಲ.