ಗೇಜ್ ಪುಸ್ತಕ ಕೇಳಿದ್ರ ಯಾರೂ ಕೊಡವಲ್ರು: ದಾಖಲೆಗೂ ಸಭೆಗೂ ಒಬ್ಬ ಓಂಬುಡ್ಸ್‌ಮನ್ ಬೇಕೋ ಬ್ಯಾಡೋ?

ಮಾನ್ವಿ ಕೊನೆಭಾಗ:
ತುಂಗಭದ್ರಾ ಎಡದಂಡೆ ನಾಲೆ ಕೊನೆಭಾಗದಾಗ ನಮ್ಮ ಹೊಲ ಐತಿ. ಭತ್ತ ತೆನಿ ಹಿಡಿಯೋ ಹೊತ್ತಿಗೆ ಉಪಕಾಲುವೆ ಒಣಗಿತ್ತು. ಕೇಳಿದ್ರ ‘ಗೇಜ್ (ನಾಲೆ ನೀರಿನ ಮಟ್ಟದ ಅಳತೆ) ಪ್ರಕಾರ ಬಿಟ್ಟೀವಿ’ ಅಂದ್ರು. ಹಂಗಾರ ಗೇಜ್ ತೋರಿಸ್ರಿ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕೇಳಿದ್ದು ಎರಡು: ದಿನಾ ಬರೆಯೋ ಗೇಜ್ ಪುಸ್ತಕದ ನಕಲು, ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯ ನಡಾವಳಿ. 30 ದಿನ ದಾಟಿದ ಮ್ಯಾಲೆ ಉತ್ತರ ಬಂತು: ‘ಕಡತ ಪರಿಶೀಲನೆಯಲ್ಲಿದೆ’. ನರೇಗಾಕ್ಕ ಜನರ ದೂರು ವಿಚಾರಿಸಾಕ ಜಿಲ್ಲೆಗೊಬ್ಬ ಓಂಬುಡ್ಸ್‌ಮನ್ ಅಂತ ಮಾಡಿದ್ರಲ್ರಿ, ದಾಖಲೆ ಕೊಡದಿದ್ರ, ಸಭೆ ಮುಚ್ಚಿಟ್ಟು ಮಾಡಿದ್ರ ಕೇಳಾಕ ಅಂಥವ ಒಬ್ಬ ಇರಬಾರ್ದಾ? ಗೊತ್ತಿದ್ದೋರು ಹೇಳ್ರಿ.

ಸಿಂಧನೂರು ವಕೀಲ:
ಮೊದಲು ಇದನ್ನ ಹೇಳಿ: ಮೊದಲ ಮೇಲ್ಮನವಿ ಹಾಕಿದ್ದೀರಾ? ಉತ್ತರ ಬಂದ 30 ದಿನದೊಳಗೆ, ಮೇಲಿನ ಅಧಿಕಾರಿಗೆ, ಮಾಹಿತಿ ಹಕ್ಕು ಕಾಯ್ದೆಯ 19(1)ನೇ ಕಲಂ ಅಡಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ನಮ್ಮ ಕಡೆಯ ಹೆಚ್ಚಿನವರು ಇಲ್ಲೇ ಎಡವೋದು. ಸಿಟ್ಟಿನಲ್ಲಿ ನೇರ ಆಯೋಗಕ್ಕೆ 18ನೇ ಕಲಂನ ದೂರು ಬರೆದುಬಿಡ್ತಾರೆ. ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ: 18ರ ದೂರಿನಲ್ಲಿ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿ ಅಂತ ಆದೇಶಿಸಲು ಬರೋದಿಲ್ಲ. ಅದಕ್ಕೆ 19ರ ಮೇಲ್ಮನವಿಯೇ ದಾರಿ. ನಿಮಗೆ ಬೇಕಿರೋದು ಗೇಜ್ ಪುಸ್ತಕ, ಅವರ ದಂಡ ಅಲ್ಲ.

ಓಂಬುಡ್ಸ್‌ಮನ್ ವಿಷಯಕ್ಕೆ ನಾನು ವಿರೋಧ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕೋ ಆಯೋಗ ಇದೆ, ಕಲಬುರಗಿಯಲ್ಲಿ ಪೀಠವೂ ಇದೆ. ಅದರ ನಡುವೆ ಶಿಫಾರಸು ಮಾತ್ರ ಮಾಡೋ ಇನ್ನೊಬ್ಬ ಯಾಕೆ? ಒಂದು ಬೋರ್ಡು, ಒಂದು ಜೀಪು, ಒಬ್ಬ ಡಿ ದರ್ಜೆ ನೌಕರ, ಅಷ್ಟೇ ಹುಟ್ಟೋದು.

ಗಂಗಾವತಿ ಗಿರಿಜಾ:
ವಕೀಲರೇ, ಎರಡನೇ ಮೇಲ್ಮನವಿಯನ್ನ ಆಯೋಗ ಇಷ್ಟು ದಿನದೊಳಗೆ ಮುಗಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲಿದೆ ತೋರಿಸಿ. ಅರ್ಜಿಗೆ 30 ದಿನ ಇದೆ, ಮೊದಲ ಮೇಲ್ಮನವಿಗೆ 30, ಎಳೆದರೆ 45. ಆಮೇಲೆ ಗಡುವೇ ಇಲ್ಲ. ಈ ಅಣ್ಣನಿಗೆ ಗೇಜ್ ಲೆಕ್ಕ ಬೇಕಿದ್ದದ್ದು ನೀರು ಹರಿಯೋ ವಾರದಲ್ಲಿ. ಗದ್ದೆ ಕೊಯ್ದು ಎರಡನೇ ಬೆಳೆಯೂ ಮುಗಿದ ಮೇಲೆ ಆದೇಶ ಕೈಗೆ ಬಂದರೆ ಏನು ಉಪಯೋಗ?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಒಂದೇ ಓಂಬುಡ್ಸ್‌ಮನ್ ಕಚೇರಿ ದಾಖಲೆಯ ದೂರನ್ನೂ ಸಭೆಯ ದೂರನ್ನೂ ನೋಡುತ್ತೆ, ಶುಲ್ಕ ಇಲ್ಲ. ಆದೇಶ ಮಾಡೋ ಅಧಿಕಾರ ಅವರಿಗಿಲ್ಲ, ಒಪ್ತೀನಿ. ಆದರೆ ದೂರು ಬಂದ ಕೂಡಲೇ ಕಚೇರಿಗೆ ಫೋನ್ ಮಾಡಿ ‘ಈ ಕಡತ ಯಾಕೆ ಕೊಟ್ಟಿಲ್ಲ, ಯಾವ ಕಲಂ ಪ್ರಕಾರ?’ ಅಂತ ಕೇಳ್ತಾರೆ. ಆ ಪ್ರಶ್ನೆ ಕೇಳೋರು ನಮ್ಮಲ್ಲಿ ಯಾರಿದ್ದಾರೆ?

ಟೇಬಲ್ ನಂಬರ್ 4:
ಕಚೇರಿಯೊಳಗೆ ಗುಮಾಸ್ತನಾಗಿ ಕೂತು ನಿವೃತ್ತನಾದವನು ನಾನು. ಗಿರಿಜಮ್ಮ ಹೇಳಿದ ಫೋನ್ ಇದೆಯಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತೆ. ಎಲ್ಲರೂ ಮುಚ್ಚಿಡೋದಕ್ಕೇ ಕೂತಿರ್ತಾರೆ ಅಂದುಕೋಬೇಡಿ. ನಾನು ನೋಡಿದ ಗೇಜ್ ಪುಸ್ತಕಗಳು ಉಪವಿಭಾಗದ ಬೀರುವಿನಲ್ಲಿ ಇರ್ತಿರಲಿಲ್ಲ, ನಾಲೆ ಮೇಲಿನ ಶೆಡ್ಡಿನಲ್ಲಿ ಗ್ಯಾಂಗ್‌ಮನ್ ಹತ್ತಿರ ಇರ್ತಿದ್ದವು. ಅವನು ಬೆಳಿಗ್ಗೆ ಸಂಜೆ ನೋಡಿ ಪೆನ್ಸಿಲ್‌ನಲ್ಲಿ ಅಡಿ ಬರೀತಾನೆ, ತಿಂಗಳ ಕೊನೆಗೆ ಜೆಇ (ಕಿರಿಯ ಎಂಜಿನಿಯರ್) ಅದರ ಮೇಲೆ ಪೆನ್ನು ಎಳೆದು ಸಹಿ ಹಾಕ್ತಾರೆ. ಅರ್ಜಿ ಬಂದ ದಿನ ಆ ಪುಸ್ತಕ ಕಚೇರಿಯಲ್ಲೇ ಇರಲ್ಲ. ತರಿಸೋಣ ಅಂತಾರೆ, ಮರೀತಾರೆ, ‘ಪರಿಶೀಲನೆಯಲ್ಲಿದೆ’ ಅಂತ ಟೈಪ್ ಆಗುತ್ತೆ. ಪೆನ್ಸಿಲ್ಲಿಗೂ ಪೆನ್ನಿಗೂ ಲೆಕ್ಕ ಹೊಂದದಿದ್ದಾಗ ಮಾತ್ರ ಮುಚ್ಚಿಡೋ ಆಟ ಶುರು.

ಮಾನ್ವಿ ಕೊನೆಭಾಗ:
ಸಾಹೇಬ್ರ, ನನಗ ಬೇಕಾಗಿದ್ದು ಆ ಪೆನ್ಸಿಲ್ ಹಾಳೆನೇ ರೀ 😀

ಕೌಲ್‌ಬಜಾರ್ ಹುಡುಗ:
ಬಳ್ಳಾರಿಯವರಿಗೆ ಶಿಫಾರಸಿನ ಬೆಲೆ ಗೊತ್ತು. ಲೋಕಾಯುಕ್ತ ಅಂದರೆ ನಮ್ಮ ಓಂಬುಡ್ಸ್‌ಮನ್ನೇ ತಾನೆ? 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ವರದಿ ಕೊಟ್ಟಾಗ ಅವರ ಕೈಲಿ ಶಿಕ್ಷೆ ಕೊಡೋ ಅಧಿಕಾರ ಇರಲಿಲ್ಲ, ವರದಿ ಮಾತ್ರ. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಶಿಫಾರಸು ಅಂತ ಹಗುರ ಮಾಡಬೇಡಿ.

ಸಿಂಧನೂರು ವಕೀಲ:
ಅದು ಇಡೀ ದೇಶ ನೋಡ್ತಿದ್ದ ವರದಿ, ತಮ್ಮಾ. ಮಾನ್ವಿಯ ಒಂದು ಉಪಕಾಲುವೆಯ ಗೇಜ್ ಬಗ್ಗೆ ಯಾವ ಟಿವಿ ಬರುತ್ತೆ? ಇನ್ನೊಂದು ತೊಡಕಿದೆ. ಎಡದಂಡೆ ನಾಲೆ ನಮ್ಮ ರಾಜ್ಯದ ಕೈಲಿದೆ. ನಿಮ್ಮ ಬಳ್ಳಾರಿ ಕಡೆಯ ಬಲದಂಡೆ ಮೇಲ್ಮಟ್ಟದ ಕಾಲುವೆ ತುಂಗಭದ್ರಾ ಮಂಡಳಿ ಕೈಲಿದೆ. 1953ರಲ್ಲಿ ಆದ ಮಂಡಳಿ ಅದು, ಆಂಧ್ರದ ಸದಸ್ಯರೂ ಕೂರುತ್ತಾರೆ. ರಾಜ್ಯದ ಓಂಬುಡ್ಸ್‌ಮನ್ ಫೋನ್ ಮಾಡಿದರೆ ಮಂಡಳಿಯವರು ಯಾಕೆ ಎತ್ತಬೇಕು?

ಕೌಲ್‌ಬಜಾರ್ ಹುಡುಗ:
ಅದೊಂದು ಒಳ್ಳೆ ಪ್ರಶ್ನೆ, ಉತ್ತರ ನನ್ನ ಹತ್ರ ಇಲ್ಲ.

ಗಂಗಾವತಿ ಗಿರಿಜಾ:
ಎಲ್ಲರೂ ದಾಖಲೆ ಹಿಂದೆ ಬಿದ್ದಿದ್ದೀರಿ, ಸಭೆಯನ್ನ ಮರೆತೇಬಿಟ್ಟಿರಿ. ನನ್ನ ಪ್ರಕಾರ ದೊಡ್ಡ ಕೊರತೆ ಅಲ್ಲೇ ಇರೋದು. ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಕುಂಟುತ್ತಾ ಆದ್ರೂ ನಡೀತಿದೆ. ಗ್ರಾಮಸಭೆಗೆ, ಜಮಾಬಂದಿಗೆ (ಪಂಚಾಯಿತಿ ಲೆಕ್ಕಪತ್ರ ಜನರ ಮುಂದೆ ಪರಿಶೀಲಿಸೋದು) ಪಂಚಾಯತ್ ಕಾಯ್ದೆ ಇದೆ. ಆದರೆ ಐಸಿಸಿಯಲ್ಲಿ ಕೂತು ಸಚಿವರು, ಶಾಸಕರು ಯಾವ ನಾಲೆಗೆ ಎಷ್ಟು, ಯಾವ ತಾರೀಖಿನವರೆಗೆ ನೀರು ಅಂತ ತೀರ್ಮಾನ ಮಾಡ್ತಾರಲ್ಲ, ಆ ಸಭೆಗೆ ಹೋಗಿ ಕೂರೋ ಹಕ್ಕು ರೈತನಿಗಿಲ್ಲ. ಹೊರಗೆ ಘೋಷಣೆ ಕೂಗಬಹುದು, ಮರುದಿನ ಪೇಪರ್ ಓದಬಹುದು.

ಅರಿಜೋನಾದಲ್ಲಿ ಇಂಥ ಸಭೆಗೆ ಕನಿಷ್ಠ 24 ಗಂಟೆ ಮೊದಲು ಅಜೆಂಡಾ ಹಾಕಬೇಕು, ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಮೂರು ಕೆಲಸದ ದಿನದೊಳಗೆ ನಡಾವಳಿ ಇಲ್ಲವೇ ಧ್ವನಿಮುದ್ರಣ ನೋಡಲು ಸಿಗಬೇಕು. ನಿಯಮ ಮುರಿದು ಮಾಡಿದ ತೀರ್ಮಾನ ಕಾನೂನಿನ ಕಣ್ಣಲ್ಲಿ ಅಸಿಂಧು. ಅಲ್ಲಿ ಓಂಬುಡ್ಸ್‌ಮನ್ ಮಾತಿಗೆ ತೂಕ ಬರೋದು ಅವನ ಹಿಂದೆ ಇಂಥ ಕಾನೂನು ನಿಂತಿರೋದ್ರಿಂದ. ಇಲ್ಲಿ ಬರೀ ಓಂಬುಡ್ಸ್‌ಮನ್ ತಂದು ಕೂರಿಸಿದರೆ ಅವನು ಯಾವ ಕಲಂ ಹಿಡಿದು ಮಾತಾಡಬೇಕು? ಈ ಒಂದು ಕಡೆ ನಾನು ವಕೀಲರ ಪರ.

ಟೇಬಲ್ ನಂಬರ್ 4:
2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಡ್ಯಾಂ ಮಟ್ಟ, ಹೊರಹರಿವು ಎಲ್ಲರ ಮೊಬೈಲಿನಲ್ಲಿ ಗಂಟೆಗೊಮ್ಮೆ ಬರ್ತಿತ್ತು. ಕೊಡಬೇಕು ಅನ್ನಿಸಿದರೆ ಕೊಡೋದಕ್ಕೆ ಬರುತ್ತೆ ಅನ್ನೋದು ಅವತ್ತು ಕಂಡಿತು. ನಾಲೆಯ ಗೇಜ್ ಅಂಕಿಯನ್ನೂ ದಿನಾ ಹಾಕಿಬಿಟ್ಟರೆ ಈ ಅರ್ಜಿಯೇ ಹುಟ್ಟೋದಿಲ್ಲ. ಕೇಳದೆಯೇ ಪ್ರಕಟಿಸಿ ಅಂತ 4ನೇ ಕಲಂ ಹೇಳೋದೂ ಇಂಥದ್ದನ್ನೇ.

ಮಾನ್ವಿ ಕೊನೆಭಾಗ:
ಮಾತೆಲ್ಲಾ ಛಲೋ ಐತ್ರಿ. ಈಗ ನಾ ಏನ್ ಮಾಡ್ಲಿ? ಮುಂದಿನ ಬೆಳಿ ಬಂತು.

ಸಿಂಧನೂರು ವಕೀಲ:
ಮೊದಲ ಮೇಲ್ಮನವಿ ಈ ವಾರವೇ ಹಾಕಿ. ಅದರಲ್ಲಿ 7(6) ನೆನಪಿಸಿ: ಅವಧಿ ಮೀರಿದ್ದಕ್ಕೆ ನಕಲು ಪುಕ್ಕಟೆ ಕೊಡಬೇಕು. ಅದು ನಡೀತಿರಲಿ, ಬೇರೆ ಅರ್ಜಿಯಲ್ಲಿ ನಕಲು ಕೇಳಬೇಡಿ, 2(ಜೆ) ಪ್ರಕಾರ ಪುಸ್ತಕವನ್ನ ಕಣ್ಣಾರೆ ನೋಡಬೇಕು ಅಂತ ಕೇಳಿ. ಜೆರಾಕ್ಸ್ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋ ನೆಪ ಆಗ ಬರಲ್ಲ.

ಟೇಬಲ್ ನಂಬರ್ 4:
‘ಗ್ಯಾಂಗ್‌ಮನ್ ಬರೆಯುವ ಮೂಲ ಪುಸ್ತಕ’ ಅಂತಲೇ ಬರೀರಿ. ‘ಗೇಜ್ ವಿವರ’ ಅಂದರೆ ಕಂಪ್ಯೂಟರಿನಲ್ಲಿ ತಿದ್ದಿ ತೆಗೆದ ಪಟ್ಟಿ ಕೈಗಿಡ್ತಾರೆ.

ಗಂಗಾವತಿ ಗಿರಿಜಾ:
ಐಸಿಸಿ ನಡಾವಳಿಗೆ ಪ್ರತ್ಯೇಕ ಅರ್ಜಿ ಹಾಕಿ ಅಣ್ಣಾ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡನ್ನೂ ಸೇರಿಸಿದ್ದಕ್ಕೇ ವಾಪಸ್ ಕಳಿಸ್ತಾರೆ. ಮೇಲ್ಮನವಿಗೆ ಏನು ಬಂತು ಇಲ್ಲೇ ಹಾಕಿ, ಕಾರಟಗಿ ಕಡೆಯ ಇಬ್ಬರು ಇದೇ ಅರ್ಜಿ ಹಾಕೋಕೆ ಕಾಯ್ತಿದ್ದಾರೆ.