ಮೈಸೂರಿನ ಹಣ, ಲಂಡನ್ನಿನ ವಾದ್ಯವೃಂದ: ನಮಗೆ ದಕ್ಕಿದ್ದೇನು?

ಒಂಟಿಕೊಪ್ಪಲಿನ ಕೇಳುಗ:
ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದ ಮಾತು ಬಂದಾಗಲೆಲ್ಲ ನಮ್ಮೂರಿನವರು ಎದೆಯುಬ್ಬಿಸುತ್ತಾರೆ: ‘ಅದನ್ನು ಸಾಕಿದ್ದು ನಮ್ಮ ಮಹಾರಾಜರು!’ ಸುಳ್ಳಲ್ಲ. 1945ರಲ್ಲಿ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಆ ತಂಡಕ್ಕೆ ಜಯಚಾಮರಾಜೇಂದ್ರ ಒಡೆಯರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಟ್ಟರು. ಅದರ ಸಂಗೀತ ಕಚೇರಿಗಳನ್ನು ನಡೆಸುವ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರೂ ಆದರು. ಆದರೆ ಇವತ್ತು ಮೈಸೂರಿನಲ್ಲಿ ಕುಳಿತು ಒಂದು ಸಿಂಫನಿಯನ್ನು ಪೂರ್ತಿ ಕೇಳಬೇಕೆಂದರೆ ನನಗೆ ಮೊಬೈಲೇ ಗತಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇದಕ್ಕೇ ಅಲ್ಲವೇ?

ಲೆಕ್ಕದ ಮೇಷ್ಟ್ರು:
ಮೊದಲು ಲೆಕ್ಕ ಮಾಡಿ, ಆಮೇಲೆ ಗಾದೆ ಹೇಳಿ. ಆಗ ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. ಅಂದರೆ ವರ್ಷಕ್ಕೆ ಸುಮಾರು 1.33 ಲಕ್ಷ. ಮುಂದೆ ಮೈಸೂರಿಗೆ ನಿಗದಿಯಾದ ರಾಜಧನ, ಅಂದರೆ ಸರ್ಕಾರ ಮಹಾರಾಜರಿಗೆ ಕೊಡುತ್ತಿದ್ದ ಹಣ, ವರ್ಷಕ್ಕೆ 26 ಲಕ್ಷ. ಅದರಲ್ಲಿ ನೂರಕ್ಕೆ ಐದು ಪಾಲು. ಇಷ್ಟಕ್ಕೂ 1947ರ ಅಕ್ಟೋಬರಿನಲ್ಲೇ ಜವಾಬ್ದಾರಿ ಸರ್ಕಾರ ಬಂದು, ರಾಜ್ಯದ ಖಜಾನೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದ ಕೈ ಸೇರಿತ್ತು. ಕೆರೆಕಟ್ಟೆಯ ಹಣವನ್ನು ಪಿಟೀಲಿಗೆ ಸುರಿದರೆಂದು ಯಾರೂ ಹೇಳುವಂತಿಲ್ಲ.

ಒಂಟಿಕೊಪ್ಪಲಿನ ಕೇಳುಗ:
ರಾಜಧನವೇನು ಮಳೆಯಾಗಿ ಸುರಿಯಿತೇ ಮೇಷ್ಟ್ರೇ? ಅದೂ ರಾಗಿ ಬೆಳೆದವನ ಬೆವರೇ. ಕೆರೆ ಬಿಡಿ, ಆ 1.33 ಲಕ್ಷದಲ್ಲಿ ಇಲ್ಲೇ ಒಂದು ತಂಡ ಕಟ್ಟಬಹುದಿತ್ತು.

ಗಾನತಟ್ಟೆ ಸಂಗ್ರಹದವನು:
ಆ ಹಣ ಏನನ್ನು ಉಳಿಸಿತೆಂಬುದನ್ನೂ ನೋಡಿ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಕೊನೆಗಾಲದಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಿದ್ದು ಮೈಸೂರಿನ ನೆರವಿನಿಂದ. ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವನು ಮಹಾರಾಜರಿಗೇ ಅರ್ಪಿಸಿದ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳು, ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಇದೇ ಫಿಲ್ಹಾರ್ಮೋನಿಯಾ, ಖರ್ಚಿಗೆ ಹೊಣೆ ನಿಂತದ್ದು ನಮ್ಮ ಒಡೆಯರು. ಪಾಪ, ಅವರಿಗೇ ಅಲ್ಲಿಗೆ ಹೋಗಲು ಆಗಲಿಲ್ಲ.

ಲೆಸ್ಟರಿನ ಕನ್ನಡತಿ:
‘ಸಾಕಿದ್ದು’ ಎನ್ನುವ ಮಾತಿಗೇ ನನ್ನ ಆಕ್ಷೇಪ. ಮಹಾರಾಜರು ಕೊಟ್ಟದ್ದು ಮೂರು ವರ್ಷ. 1964ರ ಮಾರ್ಚಿನಲ್ಲಿ ಲೆಗ್ ಇದ್ದಕ್ಕಿದ್ದಂತೆ ತಂಡವನ್ನು ನಿಲ್ಲಿಸುವುದಾಗಿ ಸಾರಿಬಿಟ್ಟ. ವಾದಕರು ಮನೆಗೆ ಹೋಗಲಿಲ್ಲ. ಒಂದೇ ವಾರದಲ್ಲಿ ಸೇರಿ, ಆಡಳಿತವನ್ನು ತಾವೇ ವಹಿಸಿಕೊಂಡು, ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡರು. ತಂಡದ ನಿರ್ದೇಶಕ, ಮುದುಕ ಕ್ಲೆಂಪರರ್ ಬೆನ್ನಿಗೆ ನಿಂತ. ಹಳೆಯ ಹೆಸರು ಮರಳಿ ಸಿಕ್ಕಿದ್ದು 1977ರಲ್ಲಿ. 1964ರಿಂದ ಇಂದಿನವರೆಗೆ ಅದು ವಾದಕರದ್ದೇ.

ಲಂಡನ್ನಿನ ತಂಡವಾದರೂ ನಮ್ಮ ಲೆಸ್ಟರಿನ ಡಿ ಮಾಂಟ್‌ಫರ್ಟ್ ಹಾಲಿಗೆ ವರ್ಷವರ್ಷವೂ ಬಂದು ನುಡಿಸುತ್ತದೆ. ಒಮ್ಮೆ ವಿರಾಮದಲ್ಲಿ ಮಗಳು ವೇದಿಕೆಯ ಅಂಚಿಗೆ ಓಡಿದಳು. ನಗಾರಿಯಂಥ ಟಿಂಪನಿಯ ಮೇಲೆ ಬಾಗಿ, ಚರ್ಮಕ್ಕೆ ಕಿವಿಯಿಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟಿ ಒಬ್ಬಾತ ಶ್ರುತಿ ನೋಡುತ್ತಿದ್ದ. ‘ಅಮ್ಮಾ, ಅದಕ್ಕೆ ಜ್ವರವೇ?’ ಎಂದಳು. ಆತನಿಗೆ ಕನ್ನಡ ತಿಳಿಯದು, ಆದರೆ ಅವಳ ಮುಖ ನೋಡಿ ಕೋಲನ್ನು ಅವಳ ಕೈಗೆ ಕೊಟ್ಟ.

ಒಂಟಿಕೊಪ್ಪಲಿನ ಕೇಳುಗ:
ನಾನು ಹೇಳುತ್ತಿರುವುದೂ ಅದನ್ನೇ! ಆ ಕೋಲು ಲೆಸ್ಟರಿನ ಮಗುವಿಗೆ ಸಿಕ್ಕಿತು, ಮೈಸೂರಿನ ಮಗುವಿಗೆ ಸಿಗಲಿಲ್ಲ.

ಕ್ಲಾರಿನೆಟ್ ಮನೆಯವನು:
ಮೈಸೂರಿನಲ್ಲಿ ಏನೂ ಇರಲಿಲ್ಲ ಎನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾಲ್ವಡಿಯವರ ಕಾಲದಲ್ಲೇ ಅರಮನೆಗೆ ಪಾಶ್ಚಾತ್ಯ ವಾದ್ಯವೃಂದವಿತ್ತು, ಅದಕ್ಕೆ ಆಟೊ ಸ್ಮಿತ್ ಎಂಬ ಜರ್ಮನ್ ನಿರ್ದೇಶಕನಿದ್ದ. ಅರಮನೆಯ ಬ್ಯಾಂಡು ಮುಂದೆ ಪೊಲೀಸ್ ಬ್ಯಾಂಡಿಗೆ ಸೇರಿತು. ನನ್ನ ತಂದೆ ಆ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ದಸರೆಯ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು ಬಂದು, ಮೊದಲು ಕ್ಲಾರಿನೆಟ್ಟಿನ ರೀಡನ್ನು ಬಿಚ್ಚಿ ಒರೆಸಿ, ಆಮೇಲೆ ಬೂಟು ಬಿಚ್ಚುತ್ತಿದ್ದರು.

ಕೇಳುಗರೇ, ನಿಮಗೊಂದು ಪ್ರಶ್ನೆ. ಲೆಗ್ ಕೈಬಿಟ್ಟಾಗ ಅಲ್ಲಿನ ವಾದಕರು ನಿಂತುಕೊಂಡದ್ದು ಟಿಕೆಟ್ ಕೊಂಡು ಕೇಳುವ ಜನ ಇದ್ದುದರಿಂದ. ನಮ್ಮ ಬ್ಯಾಂಡಿನವರು ಒಂದು ಸಂಬಳದ ಪಟ್ಟಿಯಿಂದ ಇನ್ನೊಂದಕ್ಕೆ ಹೋದರು, ಅಷ್ಟೇ. ದಸರೆಯಲ್ಲಿ ಅರಮನೆಯ ಮುಂದೆ ಬ್ಯಾಂಡು ನುಡಿಸುವಾಗ ನೀವು ಕೊನೆಯವರೆಗೆ ಕೂತದ್ದು ಯಾವಾಗ? ಎಲ್ಲರೂ ದೀಪ ಹತ್ತುವುದನ್ನು ಕಾಯುತ್ತಿರುತ್ತಾರೆ.

ಒಂಟಿಕೊಪ್ಪಲಿನ ಕೇಳುಗ:
ಸಿಕ್ಕಿಬಿದ್ದೆ. ದೀಪ ಹತ್ತಿದ ಕೂಡಲೇ ಎದ್ದುಹೋಗುವವರಲ್ಲಿ ನಾನೂ ಒಬ್ಬ.

ಲೆಕ್ಕದ ಮೇಷ್ಟ್ರು:
ಹಾಗೆಂದು ತಪ್ಪನ್ನೆಲ್ಲ ಕೇಳುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೂತು ಕೇಳುವಂಥ ಕಚೇರಿಯನ್ನು ಈ ಊರು ತಿಂಗಳಿಗೊಮ್ಮೆಯಾದರೂ ಏರ್ಪಡಿಸಿದ್ದರೆ ಆ ಮಾತು ಬೇರೆ. ವರ್ಷಕ್ಕೊಮ್ಮೆ, ಅದೂ ಜಾತ್ರೆಯ ಗದ್ದಲದ ನಡುವೆ ಕೇಳಿದರೆ ಯಾರಿಗೆ ರುಚಿ ಹತ್ತುತ್ತದೆ?

ಗಾನತಟ್ಟೆ ಸಂಗ್ರಹದವನು:
ಇನ್ನೊಂದನ್ನು ಮರೆಯುತ್ತಿದ್ದೇವೆ. ಲಂಡನ್ನಿಗೆ ಹಣ ಕಳಿಸಿದ ಅದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅದು ಮೈಸೂರಿಗೆ ದಕ್ಕಿದ್ದಲ್ಲವೇ? ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಅವರಿಗೆ ಅನ್ನಿಸಿರಲಿಲ್ಲ.

ಲೆಸ್ಟರಿನ ಕನ್ನಡತಿ:
ಕ್ಲಾರಿನೆಟ್ ಮನೆಯವರೇ, ಕರ್ನಾಟಕ ಸಂಗೀತದ ಕೃತಿಗಳನ್ನು ಪೊಲೀಸ್ ಬ್ಯಾಂಡಿನವರು ಹೇಗೆ ಬರೆದುಕೊಳ್ಳುತ್ತಿದ್ದರು? ನಮ್ಮ ಸ್ವರಲಿಪಿಯಲ್ಲೋ, ಐದು ಗೆರೆಗಳ ಮೇಲೋ?

ಕ್ಲಾರಿನೆಟ್ ಮನೆಯವನು:
ತಂದೆಯವರ ಪುಸ್ತಕದಲ್ಲಿ ಎರಡೂ ಇವೆ. ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀಗೌರಿ’ ಐದು ಗೆರೆಗಳ ಮೇಲಿದೆ, ಕೆಳಗೆ ಕನ್ನಡದಲ್ಲಿ ಸರಿಗಮ. ಅಲ್ಲಲ್ಲಿ ಪೆನ್ಸಿಲಿನಲ್ಲಿ ‘ಇಲ್ಲಿ ಉಸಿರು’ ಎಂದು ಗುರುತು ಹಾಕಿಕೊಂಡಿದ್ದಾರೆ.

ಒಂಟಿಕೊಪ್ಪಲಿನ ಕೇಳುಗ:
ಆ ಪುಟದ ಚಿತ್ರ ಹಾಕುತ್ತೀರಾ?

ಕ್ಲಾರಿನೆಟ್ ಮನೆಯವನು:
ಭಾನುವಾರ ಹಾಕುತ್ತೇನೆ. ಮಳೆಗಾಲದ ತೇವಕ್ಕೆ ಆ ಹಾಳೆ ಮುಂದಿನದಕ್ಕೆ ಅಂಟಿಕೊಂಡಿದೆ, ಹರಿಯದ ಹಾಗೆ ಬಿಡಿಸಬೇಕು.