ಸಹಾಯ ಬೇಕು: ‘ಕರಪ್ಷನ್’ ಪದಕ್ಕೆ ಕನ್ನಡದಲ್ಲಿ ಏನೇನು?

ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಇಂಗ್ಲಿಷ್-ಕನ್ನಡ ಪದಪಟ್ಟಿ ಮಾಡುತ್ತಿದ್ದೇನೆ. ‘ಕರಪ್ಷನ್’ ಬಳಿ ಬಂದು ನಿಂತುಬಿಟ್ಟಿದ್ದೇನೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿರುವ ಅರ್ಥಕ್ಕೆ ‘ಭ್ರಷ್ಟಾಚಾರ’ ಸರಿ. ಲಂಚ ಅದರ ಒಂದು ಬಗೆ ಮಾತ್ರ ಎಂದೂ ಬರೆದುಕೊಂಡಿದ್ದೇನೆ. ಮಡಿಕೇರಿ ಬ್ರಿಟಿಷರ ಬಾಯಲ್ಲಿ ‘ಮರ್ಕಾರಾ’ ಆದದ್ದೂ ಇಂಗ್ಲಿಷಿನಲ್ಲಿ ಕರಪ್ಷನ್ನೇ. ಅಲ್ಲಿ ‘ಅಪಭ್ರಂಶ’ ಚೆನ್ನಾಗಿ ಹೊಂದುತ್ತದೆ. ಓಲೆಗರಿ ಪ್ರತಿ ಮಾಡುವಾಗ ನುಸುಳಿದ ತಪ್ಪಿಗೆ ‘ಅಪಪಾಠ’ ಎನ್ನಬಹುದೇ? ಲ್ಯಾಟಿನ್ ಮೂಲದಲ್ಲಿ ಒಡೆಯುವ ಅರ್ಥವಿದೆ, ನಮ್ಮ ‘ಭ್ರಷ್ಟ’ದಲ್ಲಿ ಜಾರಿಬೀಳುವ ಅರ್ಥ, ಈ ಹೋಲಿಕೆ ನನಗೆ ಬಹಳ ಹಿಡಿಸಿತು.

ನಿಜವಾದ ತೊಡಕು ಕಂಪ್ಯೂಟರಿನದು. ‘ಫೈಲ್ ಭ್ರಷ್ಟವಾಗಿದೆ’ ಎಂದು ಬರೆದರೆ ಮಕ್ಕಳು ಕಚೇರಿಯ ಕಡತ ಎಂದುಕೊಳ್ಳುತ್ತಾರೆ. ‘ಕೆಟ್ಟಿದೆ’ ಎಂದರೆ ಸಾಕೇ? ಬಲ್ಲವರು ದಯವಿಟ್ಟು ಒಂದೊಂದು ಬಳಕೆಯ ವಾಕ್ಯದೊಂದಿಗೆ ತಿಳಿಸಿ. ಭಾನುವಾರದೊಳಗೆ ಸಿಕ್ಕರೆ ದೊಡ್ಡ ಉಪಕಾರ.